ಗಂಟಲಿನ ಕೆಲಸ, ಗಂಟೆಯ ಕೆಲಸ

ಪೀಣ್ಯದ ಅಡ್ಡರಸ್ತೆಗಳಲ್ಲಿ ಹಗಲು ಹೊತ್ತು ನಡೆದರೆ ಸದ್ದು ಪದರ ಪದರವಾಗಿ ಕೇಳುತ್ತದೆ. ತಳದಲ್ಲಿ ಪವರ್ ಪ್ರೆಸ್ಸುಗಳ ಧಡಲ್ ಧಡಲ್, ಅದರ ಮೇಲೆ ಗ್ರೈಂಡಿಂಗ್ ಚಕ್ರದ ಕಿರ್ರೆನ್ನುವ ಸದ್ದು, ಎಲ್ಲದರ ಮೇಲೆ ತುಮಕೂರು ರಸ್ತೆಯ ಲಾರಿಗಳ ಹಾರ್ನು. ಈ ಕೈಗಾರಿಕಾ ಪ್ರದೇಶ ರೂಪುಗೊಂಡದ್ದು 1970ರ ದಶಕದಲ್ಲಿ. ಅದರ ಸುತ್ತ ಹೆಗ್ಗನಹಳ್ಳಿ, ಲಗ್ಗೆರೆ, ರಾಜಗೋಪಾಲನಗರ, ದಾಸರಹಳ್ಳಿಗಳಲ್ಲಿ ಕಾರ್ಮಿಕರ ಮನೆಗಳು ಎದ್ದವು, ಅವರ ಮಕ್ಕಳಿಗಾಗಿ ಶಾಲೆಗಳು ತುಂಬಿದವು. ನಗರದ ಇನ್ನೆರಡು ಅಂಚುಗಳಾದ ವೈಟ್‌ಫೀಲ್ಡ್–ಕಾಡುಗೋಡಿ ಮತ್ತು ಎಲೆಕ್ಟ್ರಾನಿಕ್ ಸಿಟಿ–ಹೆಬ್ಬಗೋಡಿಯಲ್ಲಿ ಪ್ರೆಸ್ಸಿನ ಸದ್ದು ಕಡಿಮೆ ಇರಬಹುದು, ಆದರೆ ಅಲ್ಲಿ ವಾಹನಗಳ ಸಾಲು, ಕಾಂಕ್ರೀಟ್ ಮಿಕ್ಸರ್, ಜನರೇಟರುಗಳ ಸದ್ದು ಇದ್ದೇ ಇದೆ.

ಇಂಥ ಜಾಗದ ಶಾಲೆಯಲ್ಲಿ ಒಂದನೆಯ ಅಥವಾ ಎರಡನೆಯ ತರಗತಿ ನಡೆಸುವುದೆಂದರೆ ಪಾಠ ಹೇಳುವುದಷ್ಟೇ ಅಲ್ಲ. ಮೂವತ್ತು ಮಕ್ಕಳನ್ನು ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟಿಸಬೇಕು, ಗುಂಪು ಮಾಡಿ ಕೂರಿಸಬೇಕು, ಊಟಕ್ಕೆ ಸಾಲು ನಿಲ್ಲಿಸಬೇಕು. ಅಮೆರಿಕದ ಶಿಕ್ಷಣತಜ್ಞ ಫಿಲಿಪ್ ಜಾಕ್ಸನ್ 1968ರಲ್ಲಿ ಪ್ರಾಥಮಿಕ ತರಗತಿಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಒಬ್ಬ ಶಿಕ್ಷಕಿ ದಿನವೊಂದಕ್ಕೆ ಮಕ್ಕಳೊಂದಿಗೆ ಸಾವಿರದವರೆಗೂ ಬಾರಿ ವ್ಯವಹರಿಸುತ್ತಾರೆ ಎಂದಿದ್ದಾರೆ. ಅದರಲ್ಲಿ ಎಷ್ಟು ಪಾಲು ಪಾಠಕ್ಕೆ, ಎಷ್ಟು ಪಾಲು ‘ಕೂತ್ಕೊಳ್ರೋ’, ‘ಸ್ಲೇಟ್ ತೆಗೀರಿ’, ‘ಏಯ್, ಸೈಲೆನ್ಸ್!’ಗೆ ಎಂಬುದು ಪ್ರತಿ ಶಿಕ್ಷಕಿಗೂ ಗೊತ್ತಿರುವ ಸಂಗತಿ.

ಈ ಎರಡನೆಯ ಪಾಲನ್ನು ಗಂಟಲಿನಿಂದ ಕಿತ್ತು ಬೇರೆಡೆ ಹಾಕಬಹುದು ಎಂಬುದೇ ಈ ಅಧ್ಯಾಯದ ವಾದ. ಒಂದು ಗಂಟೆ, ಒಂದು ಚಪ್ಪಾಳೆ, ಎತ್ತಿದ ಕೈ, ಗೋಡೆಯ ಮೇಲಿನ ಚಿತ್ರ ಇವು ಆ ಕೆಲಸ ಮಾಡುತ್ತವೆ. ಹೇಗೆ ಮಾಡುತ್ತವೆ, ಯಾವಾಗ ಸೋಲುತ್ತವೆ ಎಂಬುದಕ್ಕೆ ಧ್ವನಿವಿಜ್ಞಾನದಲ್ಲೂ ಮಿದುಳಿನ ವಿಜ್ಞಾನದಲ್ಲೂ ಗಟ್ಟಿ ಉತ್ತರಗಳಿವೆ.

ಕೊನೆಯ ಸಾಲಿಗೆ ತಲುಪದ ಮಾತು

ಮೊದಲು ಸದ್ದಿನ ಲೆಕ್ಕ. ನಾವು ಮಾಮೂಲಾಗಿ ಮಾತಾಡಿದರೆ ಒಂದು ಮೀಟರ್ ದೂರದಲ್ಲಿ ಅದರ ಮಟ್ಟ ಸುಮಾರು 60 ಡೆಸಿಬಲ್. ಸ್ವಲ್ಪ ದನಿ ಏರಿಸಿದರೆ 66. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ತಗ್ಗುತ್ತದೆ. ಅಂದರೆ ಏರುದನಿಯ ಮಾತು ಎರಡು ಮೀಟರಿನಲ್ಲಿ 60ಕ್ಕೆ, ನಾಲ್ಕು ಮೀಟರಿನಲ್ಲಿ 54ಕ್ಕೆ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳು ಸದ್ದನ್ನು ಹಿಂದಕ್ಕೆ ಕಳಿಸುವುದರಿಂದ ಇಳಿಕೆ ಇಷ್ಟು ಕಡಿದಾಗಿರುವುದಿಲ್ಲ, ಆದರೆ ಹಾಗೆ ಮರಳಿ ಬಂದ ಸದ್ದು ಅಕ್ಷರಗಳನ್ನು ಒಂದರ ಮೇಲೊಂದು ಕಲಸುತ್ತದೆ.

ಈಗ ಹೊರಗಿನ ಸದ್ದು. ರಸ್ತೆಯಲ್ಲಿ 65 ಡೆಸಿಬಲ್ ಇದೆ ಎಂದುಕೊಳ್ಳೋಣ. ಕಿಟಕಿ ತೆರೆದಿದ್ದರೆ ಅದರಲ್ಲಿ 10ರಿಂದ 15 ಡೆಸಿಬಲ್ ಮಾತ್ರ ಕಡಿತವಾಗುತ್ತದೆ. ಸೆಕೆಗೆ ಕಿಟಕಿ ತೆರೆಯದೆ ವಿಧಿಯಿಲ್ಲ. ಹಾಗಾದರೆ ಕೋಣೆಯೊಳಗೆ ಕಡಿಮೆಯೆಂದರೂ 50 ಡೆಸಿಬಲ್ ಗದ್ದಲ ಸದಾ ಇರುತ್ತದೆ, ಮಕ್ಕಳು ಬಾಯಿ ತೆರೆಯುವ ಮೊದಲೇ. ನಾಲ್ಕು ಮೀಟರ್ ದೂರದ ಕೊನೆಯ ಸಾಲಿನ ಮಗುವಿಗೆ ಶಿಕ್ಷಕಿಯ ಏರುದನಿಯ ಮಾತೂ ಗದ್ದಲಕ್ಕಿಂತ ಬರೀ 4 ಡೆಸಿಬಲ್‌ನಷ್ಟು ಮೇಲಿರುತ್ತದೆ. ಪಾಠದ ಮಾತು ಗದ್ದಲಕ್ಕಿಂತ 15 ಡೆಸಿಬಲ್‌ನಷ್ಟು ಮೇಲಿರಬೇಕು ಎಂಬುದು ಶ್ರವಣತಜ್ಞರ ಶಿಫಾರಸು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ, ಪಾಠದ ಹೊತ್ತಿನಲ್ಲಿ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬಲ್ ದಾಟಬಾರದು ಎಂದು ಹೇಳಿದ್ದು ಇದೇ ಕಾರಣಕ್ಕೆ.

ದೊಡ್ಡವರು ಇಂಥ ಗದ್ದಲದಲ್ಲೂ ಸಂಭಾಳಿಸಿಕೊಳ್ಳುತ್ತಾರೆ, ಏಕೆಂದರೆ ಅರ್ಧ ಕೇಳಿದ ಮಾತನ್ನು ಗೊತ್ತಿರುವ ಭಾಷೆಯಿಂದ ತುಂಬಿಕೊಳ್ಳುತ್ತಾರೆ. ಆರು ವರ್ಷದ ಮಗುವಿಗೆ ಆ ಬಂಡವಾಳ ಇನ್ನೂ ಚಿಕ್ಕದು. ಜೊತೆಗೆ ಗದ್ದಲ ಎಲ್ಲ ಅಕ್ಷರಗಳನ್ನೂ ಒಂದೇ ಸಮನಾಗಿ ನುಂಗುವುದಿಲ್ಲ. ಸ್ವರಗಳಿಗೆ ಬಲ ಹೆಚ್ಚು, ಅವು ಉಳಿಯುತ್ತವೆ. ಕ, ತ, ಪ, ಸ ಮುಂತಾದ ವ್ಯಂಜನಗಳನ್ನು ಬೇರ್ಪಡಿಸುವ ಸುಳಿವು ಎತ್ತರದ ಕಂಪನಾಂಕಗಳಲ್ಲಿ, ಕ್ಷಣಮಾತ್ರ, ಕ್ಷೀಣವಾಗಿ ಇರುತ್ತದೆ. ಲಾರಿ, ಜನರೇಟರುಗಳ ತಗ್ಗಿನ ಸದ್ದು ಜೋರಾದಾಗ ಅದನ್ನು ಸುಲಭವಾಗಿ ಮುಚ್ಚಿಹಾಕುತ್ತದೆ. ‘ಕಾಲು’, ‘ಸಾಲು’, ‘ಪಾಲು’ ಮೂರೂ ಒಂದೇ ಥರ ಕೇಳುತ್ತವೆ. ‘ಸಾಲು ಬಿಟ್ಟು ಬರೆಯಿರಿ’ ಎಂದದ್ದು ಏನೆಂದು ತಿಳಿಯದೆ ಮಗು ಪಕ್ಕದವಳ ಸ್ಲೇಟು ಇಣುಕುತ್ತದೆ. ಮನೆಯಲ್ಲಿ ಹಿಂದಿಯೋ ತೆಲುಗೋ ಒಡಿಯಾವೋ ಆಡುವ ಮಗುವಾದರೆ, ಅಥವಾ ಯಾದಗಿರಿಯಿಂದ ಬಂದು ಇಲ್ಲಿನ ಕನ್ನಡಕ್ಕೆ ಇನ್ನೂ ಕಿವಿ ಹೊಂದಿಸಿಕೊಳ್ಳುತ್ತಿರುವ ಮಗುವಾದರೆ, ಕಷ್ಟ ಇನ್ನೊಂದು ಮೆಟ್ಟಿಲು ಹೆಚ್ಚು. ನಮಗೆ ಅಶಿಸ್ತಿನಂತೆ ಕಾಣುವ ಎಷ್ಟೋ ಇಣುಕಾಟ, ಪಿಸುಮಾತು ನಿಜಕ್ಕೂ ‘ಮಿಸ್ ಏನಂದ್ರು?’ ಎಂಬ ಪ್ರಶ್ನೆ.

ದನಿ ಏರಿಸಿದರೆ ಗದ್ದಲವೂ ಏರುತ್ತದೆ

ಹಾಗಾದರೆ ಇನ್ನೂ ಜೋರಾಗಿ ಹೇಳಬಾರದೇಕೆ? ಫ್ರಾನ್ಸಿನ ಕಿವಿ–ಗಂಟಲು ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಒಂದು ಸಂಗತಿಯನ್ನು ದಾಖಲಿಸಿದರು. ಮಾತಾಡುತ್ತಿರುವವರ ಕಿವಿಗೆ ಗದ್ದಲ ಕೇಳಿಸಿದರೆ ಅವರಿಗರಿವಿಲ್ಲದೆ ದನಿ ಏರುತ್ತದೆ. ಗದ್ದಲ ನಿಂತ ಕೂಡಲೆ ಇಳಿಯುತ್ತದೆ. ಬೇಕೆಂದು ಮಾಡುವುದಲ್ಲ, ತಡೆಯುವುದೂ ಸುಲಭವಲ್ಲ. ‘ಲೊಂಬಾರ್ ಪರಿಣಾಮ’ ಎಂದೇ ಇದಕ್ಕೆ ಹೆಸರು.

ತರಗತಿಯಲ್ಲಿ ಇದು ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ಗುಂಪುಕೆಲಸ ನಡೆದಿದೆ, ಹೊರಗೆ ಒಂದು ಟಿಪ್ಪರ್ ಹಾದುಹೋಯಿತು. ಮಕ್ಕಳು ದನಿ ಏರಿಸಿದರು. ಅದನ್ನು ಮೀರಿಸಲು ಶಿಕ್ಷಕಿ ದನಿ ಏರಿಸಿದರು. ಆ ದನಿಯೇ ಮಕ್ಕಳ ಪಾಲಿಗೆ ಹೊಸ ಗದ್ದಲ. ಅವರು ಪಕ್ಕದವರಿಗೆ ಕೇಳಿಸಲೆಂದು ಮತ್ತಷ್ಟು ಏರಿಸಿದರು. ಟಿಪ್ಪರ್ ಹೋಗಿ ಎಷ್ಟು ಹೊತ್ತಾದರೂ ಕೋಣೆ ತಣ್ಣಗಾಗುವುದಿಲ್ಲ.

ಇದರ ಬೆಲೆ ತೆರುವುದು ಶಿಕ್ಷಕಿಯ ಗಂಟಲು. ಹೆಂಗಸರು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200ರಿಂದ 220 ಬಾರಿ ಒಂದಕ್ಕೊಂದು ಬಡಿಯುತ್ತವೆ. ದಿನದ ಎಲ್ಲ ಮಾತು ಸೇರಿ ಒಂದೇ ಒಂದು ಗಂಟೆಯಷ್ಟು ದನಿ ಹೊರಟಿತೆಂದರೂ ಸುಮಾರು ಎಂಟು ಲಕ್ಷ ಬಡಿತ. ಕೂಗಿದಾಗ ಬಡಿತದ ವೇಗವೂ ರಭಸವೂ ಹೆಚ್ಚು. ವರ್ಷಗಟ್ಟಲೆ ಹೀಗೆ ನಡೆದರೆ ತಂತುಗಳ ಅಂಚಿನಲ್ಲಿ ಚಿಕ್ಕ ಗಂಟುಗಳು ಏಳಬಹುದು, ದನಿ ಒಡೆಯಬಹುದು. ಧ್ವನಿಯ ತೊಂದರೆಗೆ ಹೆಚ್ಚಾಗಿ ಗುರಿಯಾಗುವ ವೃತ್ತಿಗಳಲ್ಲಿ ಶಿಕ್ಷಕ ವೃತ್ತಿ ಮುಂಚೂಣಿಯಲ್ಲಿರುವುದು ಜಗತ್ತಿನೆಲ್ಲೆಡೆ ಕಂಡುಬಂದಿದೆ.

ಸಂಕೇತಕ್ಕೆ ಬಲ ಬರುವುದು ಎಲ್ಲಿಂದ

ಗಮನ ಎಂಬುದು ಒಂದೇ ಶಕ್ತಿಯಲ್ಲ ಎಂದು ತೋರಿಸಿದವರಲ್ಲಿ ಮೈಕೆಲ್ ಪೋಸ್ನರ್ ಪ್ರಮುಖರು. 1990ರಲ್ಲಿ ಅವರು ಸ್ಟೀವನ್ ಪೀಟರ್ಸನ್ ಜೊತೆ ಬರೆದ ಪ್ರಬಂಧ ಮಿದುಳಿನಲ್ಲಿ ಮೂರು ಜಾಲಗಳನ್ನು ಗುರುತಿಸಿತು. ಒಂದು ಎಚ್ಚರಗೊಳ್ಳುವುದು, ಇನ್ನೊಂದು ಯಾವುದೋ ಒಂದರ ಕಡೆ ತಿರುಗುವುದು, ಮೂರನೆಯದು ಬೇಡದ್ದನ್ನು ತಡೆದು ಬೇಕಾದ್ದನ್ನು ಮಾಡುವುದು. ಮೊದಲಿನದು ಎಳೆ ಮಕ್ಕಳಲ್ಲೂ ಚುರುಕು. ಮೂರನೆಯದನ್ನು ನಡೆಸುವ ಹಣೆಯ ಹಿಂದಿನ ಮಿದುಳು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ.

ಮುಂದೆ ಏನೋ ಬರಲಿದೆ ಎಂಬ ಮುನ್ಸೂಚನೆ ಸಿಕ್ಕರೆ, ಸುಮಾರು ಅರ್ಧ ಸೆಕೆಂಡಿನಲ್ಲಿ ಮಿದುಳಿನ ಸಿದ್ಧತೆ ತುದಿ ಮುಟ್ಟುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಆದರೆ ಸಿದ್ಧವಾಗುವುದಕ್ಕೂ ಕೈಲಿದ್ದ ಕೆಲಸ ಬಿಡುವುದಕ್ಕೂ ಅಂತರವಿದೆ. ಸದ್ದು ಕೇಳಿ ಗುಂಡಿ ಒತ್ತಲು ದೊಡ್ಡವರಿಗೆ ಸೆಕೆಂಡಿನ ಐದನೇ ಒಂದು ಭಾಗ ಸಾಕಾದರೆ, ಆರೇಳು ವರ್ಷದ ಮಕ್ಕಳಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು. ಅರ್ಧ ಬರೆದ ಅಕ್ಷರ ಮುಗಿಸಿ, ತಲೆ ಎತ್ತಿ, ಕಣ್ಣು ತಿರುಗಿಸಲು ಇನ್ನೂ ಕೆಲವು ಸೆಕೆಂಡು. ಗಂಟೆ ಬಾರಿಸಿದ ಮರುಕ್ಷಣವೇ ಸೂಚನೆ ಹೇಳತೊಡಗಿದರೆ ಅದರ ಮೊದಲರ್ಧ ಗಾಳಿಗೆ ಹೋಗುತ್ತದೆ. ಸಂಕೇತ, ಆಮೇಲೆ ಮೌನ, ಆಮೇಲೆ ಮಾತು. ನಡುವಿನ ಮೌನವನ್ನು ಕಾಯ್ದುಕೊಳ್ಳುವುದು ಹೊಸ ಶಿಕ್ಷಕರಿಗೆ ಎಲ್ಲಕ್ಕಿಂತ ಕಷ್ಟದ ಪಾಠ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಹೊಸ ಸದ್ದು ಕೇಳಿದರೆ ಪ್ರಾಣಿ ಮಾಡುತ್ತಿದ್ದುದನ್ನು ನಿಲ್ಲಿಸಿ ತಲೆ ಎತ್ತುತ್ತದೆ. ಅದೇ ಸದ್ದು ಏನೂ ಫಲವಿಲ್ಲದೆ ಮತ್ತೆ ಮತ್ತೆ ಬಂದರೆ ತಲೆ ಎತ್ತುವುದನ್ನು ಬಿಡುತ್ತದೆ. ಪಾವ್ಲೋವ್ ಮೊದಲನೆಯದನ್ನು ಗಮನಿಸಿದರು, ರಷ್ಯದವರೇ ಆದ ಸೊಕೊಲೋವ್ ಎರಡನೆಯದನ್ನು ಆಳವಾಗಿ ಅಧ್ಯಯನ ಮಾಡಿದರು. ‘ಸೈಲೆನ್ಸ್’ ಎಂಬ ಕೂಗಿಗೆ ಆಗುವುದು ಇದೇ. ಹತ್ತು ಸಲ ಕೂಗಿ ಹತ್ತು ಸಲವೂ ಗದ್ದಲದ ನಡುವೆಯೇ ಪಾಠ ಮುಂದುವರಿಸಿದರೆ, ಆ ಕೂಗಿನ ನಂತರ ಏನೂ ಆಗುವುದಿಲ್ಲ ಎಂಬುದನ್ನು ಮಕ್ಕಳು ಸರಿಯಾಗಿಯೇ ಕಲಿಯುತ್ತಾರೆ.

1968ರಲ್ಲಿ ಅಮೆರಿಕದ ರಾಬರ್ಟ್ ರೆಸ್ಕೋರ್ಲಾ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈ ತತ್ವವನ್ನು ನಿಖರಗೊಳಿಸಿದರು. ಸದ್ದೊಂದು ಅರ್ಥ ಪಡೆಯುವುದು ಅದು ಎಷ್ಟು ಸಲ ಕೇಳಿತು ಎಂಬುದರಿಂದಲ್ಲ, ಮುಂದೆ ಬರಲಿರುವುದನ್ನು ಅದು ಎಷ್ಟು ನಂಬಿಕಸ್ತವಾಗಿ ಮುಂತಿಳಿಸುತ್ತದೆ ಎಂಬುದರಿಂದ. ಸದ್ದಿಲ್ಲದೆಯೂ ಅದೇ ಘಟನೆ ಅಷ್ಟೇ ಸಲ ನಡೆಯುವುದಾದರೆ ಸದ್ದಿಗೆ ಬೆಲೆಯಿಲ್ಲ. ತರಗತಿಗೆ ಇದನ್ನು ಹಚ್ಚಿ ನೋಡಿದರೆ ಸಂಕೇತದ ಇಡೀ ವ್ಯಾಕರಣ ಸಿಗುತ್ತದೆ: ಒಂದು ಸಂಕೇತಕ್ಕೆ ಒಂದೇ ಅರ್ಥ; ಕೊಟ್ಟಾಗಲೆಲ್ಲ ಅದೇ ಫಲ; ಎಲ್ಲರೂ ಸ್ಪಂದಿಸುವ ತನಕ ಮುಂದಿನ ಹೆಜ್ಜೆಯಿಲ್ಲ; ಅನಗತ್ಯವಾಗಿ ಬಳಸುವುದಿಲ್ಲ. ಜೋರು ಎಂಬುದು ಈ ವ್ಯಾಕರಣದಲ್ಲಿ ಎಲ್ಲಿಯೂ ಬರುವುದಿಲ್ಲ.

ಗಂಟೆ, ಚಪ್ಪಾಳೆ, ಎತ್ತಿದ ಕೈ

ಒಂದೊಂದು ಸಂಕೇತಕ್ಕೂ ತನ್ನದೇ ಭೌತವಿಜ್ಞಾನವಿದೆ. ನಮ್ಮ ಹಳ್ಳಿಶಾಲೆಗಳ ಅಂಗಳದಲ್ಲಿ ನೇತುಹಾಕುತ್ತಿದ್ದ ರೈಲುಹಳಿಯ ತುಂಡು ಊರಿಗೆಲ್ಲ ಕೇಳುವಂಥದ್ದು, ಕೋಣೆಯೊಳಗಿನ ಕೆಲಸಕ್ಕೆ ಅದು ಒಗ್ಗದು. ಅಲ್ಲಿಗೆ ಸರಿಹೊಂದುವುದು ದೇವರಕೋಣೆಯ ಅಳತೆಯ ಕಂಚಿನ ಚಿಕ್ಕ ಗಂಟೆ. ವಾಹನ, ಜನರೇಟರುಗಳ ಸದ್ದಿನ ಬಹುಪಾಲು ಶಕ್ತಿ ತಗ್ಗಿನ ಕಂಪನಾಂಕಗಳಲ್ಲಿ ತುಂಬಿರುತ್ತದೆ. ಚಿಕ್ಕ ಗಂಟೆಯ ನಾದ ಅದಕ್ಕಿಂತ ಬಹಳ ಮೇಲೆ, ಗದ್ದಲ ತೆಳುವಾಗಿರುವ ಕಡೆ, ಮೊಳಗುತ್ತದೆ. ಮನುಷ್ಯರ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು 2,000ರಿಂದ 4,000 ಹರ್ಟ್ಸ್ ನಡುವೆ, ಏಕೆಂದರೆ ಹೊರಕಿವಿಯ ಕೊಳವೆಯೇ ಆ ಕಂಪನಗಳಿಗೆ ಅನುರಣಿಸುವಷ್ಟು ಉದ್ದವಿದೆ. ಹಾಗಾಗಿ ಮೆಲ್ಲಗೆ ತಟ್ಟಿದ ಗಂಟೆಯೂ ಕೂಗಿಗಿಂತ ಸ್ಪಷ್ಟವಾಗಿ ತಲುಪುತ್ತದೆ. ಇನ್ನೊಂದು ಗುಣ, ಅದು ಥಟ್ಟನೆ ನಿಲ್ಲದೆ ಕರಗುತ್ತ ಹೋಗುತ್ತದೆ. ‘ನಾದ ಪೂರ್ತಿ ನಿಲ್ಲುವಷ್ಟರಲ್ಲಿ ಪೆನ್ಸಿಲ್ ಕೆಳಗೆ’ ಎಂದು ಕಲಿಸಿದರೆ ಮಕ್ಕಳಿಗೆ ಕೆಲಸ ಮುಗಿಸಲು ಬೇಕಾದ ಆ ಕೆಲವು ಸೆಕೆಂಡುಗಳು ಗಂಟೆಯಲ್ಲೇ ಅಡಗಿರುತ್ತವೆ. ನಾದ ನಿಂತಿತೇ ಎಂದು ಕೇಳಲು ಸುಮ್ಮನಾಗಲೇಬೇಕು.

ಚಪ್ಪಾಳೆಯ ಬಲ ಬೇರೆ. ಶಿಕ್ಷಕಿ ಒಂದು ಲಯದಲ್ಲಿ ತಟ್ಟುತ್ತಾರೆ, ಮಕ್ಕಳು ಅದೇ ಲಯವನ್ನು ಮರಳಿ ತಟ್ಟುತ್ತಾರೆ. ತಟ್ಟಬೇಕಾದರೆ ಕೈಯಲ್ಲಿರುವ ರಬ್ಬರು, ಪಕ್ಕದವನ ಅಂಗಿಯ ತುದಿ ಎಲ್ಲ ಬಿಡಬೇಕು. ಲಯ ಹಿಡಿಯಬೇಕಾದರೆ ಮಾತು ನಿಲ್ಲಿಸಿ ಕೇಳಬೇಕು. ‘ಮಾತಾಡಬೇಡ’ ಎಂಬ ನಿಷೇಧದ ಬದಲು, ಮಾತಾಡುತ್ತ ಮಾಡಲಾಗದ ಒಂದು ಕೆಲಸವನ್ನೇ ಕೈಗೆ ಕೊಟ್ಟಂತೆ ಇದು. ಜನರ ಗುಂಪಿಗೆ ಲಯಕ್ಕೆ ಒಗ್ಗಿಕೊಳ್ಳುವ ಸಹಜ ಒಲವೂ ಇದೆ. ರಂಗಮಂದಿರಗಳಲ್ಲಿ ಪ್ರೇಕ್ಷಕರ ಚಪ್ಪಾಳೆಯನ್ನು ಅಳೆದು ಝೊಲ್ತಾನ್ ನೇಡಾ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರೂ ಹೇಳಿಕೊಡದೆಯೇ ಚದುರಿದ ಚಪ್ಪಾಳೆ ಒಂದೇ ಲಯಕ್ಕೆ ಬಂದು ಸೇರುವುದು ಕಂಡಿತು. ಹಾಗೆ ಸೇರುವಾಗ ಪ್ರತಿಯೊಬ್ಬರೂ ತಟ್ಟುವ ವೇಗವನ್ನು ಸರಿಸುಮಾರು ಅರ್ಧಕ್ಕೆ ಇಳಿಸಿದ್ದರು. ನಿಧಾನ ಲಯಕ್ಕೆ ಗುಂಪು ಬೇಗ ಕೂಡುತ್ತದೆ ಎಂಬುದು ಶಿಕ್ಷಕಿಗೆ ಇದರಿಂದ ಸಿಗುವ ನೇರ ಪಾಠ.

ಎತ್ತಿದ ಕೈಗೆ ಸದ್ದೇ ಇಲ್ಲ. ಹೊರಗೆ ಕಲ್ಲು ಕೊಯ್ಯುವ ಯಂತ್ರ ಅರಚುತ್ತಿದ್ದರೂ ಅದು ಕೆಲಸ ಮಾಡುತ್ತದೆ. ಶಿಕ್ಷಕಿ ಕೈ ಎತ್ತುತ್ತಾರೆ, ನೋಡಿದ ಮಗು ತಾನೂ ಎತ್ತುತ್ತದೆ, ಅದನ್ನು ನೋಡಿದ ಇನ್ನಿಬ್ಬರು ಎತ್ತುತ್ತಾರೆ. ಶಿಕ್ಷಕಿಗೆ ಬೆನ್ನು ಮಾಡಿ ಕೂತ ಮಗುವಿಗೂ ಎದುರಿನವನ ಕೈ ಕಾಣುತ್ತದೆ. ಶೀತದಿಂದ ಕಿವಿ ಕಟ್ಟಿದ ಮಗುವಿಗೆ, ಶ್ರವಣದೋಷವಿರುವ ಮಗುವಿಗೆ ಇದೊಂದೇ ಸಮನಾದ ಬಾಗಿಲು.

ಟವರ್ ಲ್ಯಾಂಪಿನ ಪಾಠ

ಸದ್ದಿನ ನಡುವೆ ಕಣ್ಣಿಗೆ ಕಾಣುವ ಸಂಕೇತವೇ ಮೇಲು ಎಂಬುದನ್ನು ಪೀಣ್ಯದ ಯಂತ್ರಶಾಲೆಗಳು ಬಹಳ ಹಿಂದೆಯೇ ಕಂಡುಕೊಂಡಿವೆ. ಸಿಎನ್‌ಸಿ ಯಂತ್ರದ ತಲೆಯ ಮೇಲೆ ಮೂರು ಬಣ್ಣದ ಟವರ್ ಲ್ಯಾಂಪ್ ಇರುತ್ತದೆ. ಹಸಿರು ಉರಿದರೆ ಕೆಲಸ ಸಾಗಿದೆ, ಹಳದಿ ಉರಿದರೆ ಯಾರಾದರೂ ಗಮನ ಕೊಡಬೇಕು, ಕೆಂಪು ಉರಿದರೆ ಯಂತ್ರ ನಿಂತಿದೆ. ಹತ್ತು ಯಂತ್ರ ನೋಡಿಕೊಳ್ಳುವ ಸೂಪರ್‌ವೈಸರ್ ದೂರದಿಂದಲೇ ಒಮ್ಮೆ ಕಣ್ಣಾಡಿಸಿ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಾರೆ.

ಆ ಯಂತ್ರದ ಮುಂದೆ ನಿಂತವರ ಮಕ್ಕಳು ಓದುವ ಶಾಲೆಯಲ್ಲಿ ಇದೇ ತತ್ವ ಹಸಿರು, ಹಳದಿ, ಕೆಂಪು ಕಾರ್ಡಾಗಿ ಡೆಸ್ಕಿನ ಮೇಲೆ ಬರಬಹುದು. ಲೆಕ್ಕ ಸಾಗುತ್ತಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಪೂರ್ತಿ ಸಿಕ್ಕಿಬಿದ್ದಿದ್ದರೆ ಕೆಂಪು. ಕಲಿಕೆಯ ಹಾದಿಯಲ್ಲೇ ಅದನ್ನು ಅಳೆಯುವುದರ ಬಗ್ಗೆ ಪಾಲ್ ಬ್ಲ್ಯಾಕ್ ಜೊತೆ 1998ರಿಂದ ಬರೆದ ಬ್ರಿಟನ್ನಿನ ಡಿಲನ್ ವಿಲಿಯಂ ಇಂಥ ಬಣ್ಣದ ಲೋಟಗಳನ್ನು ಅನೇಕ ದೇಶಗಳ ಶಿಕ್ಷಕರಿಗೆ ಪರಿಚಯಿಸಿದ್ದಾರೆ. ಕಾರ್ಖಾನೆಯಿಂದ ಇನ್ನೊಂದು ಎಚ್ಚರವನ್ನೂ ತೆಗೆದುಕೊಳ್ಳಬೇಕು: ಟವರ್ ಲ್ಯಾಂಪಿನಲ್ಲಿ ಕೆಂಪು ಸದಾ ಮೇಲೆ, ಹಸಿರು ಸದಾ ಕೆಳಗೆ. ಕೆಂಪು–ಹಸಿರು ಬೇರ್ಪಡಿಸಲಾಗದ ಕಣ್ಣಿಗೆ ಸ್ಥಾನವೇ ಸುಳಿವು. ಗಂಡುಹುಡುಗರಲ್ಲಿ ಅಂಥ ವರ್ಣಾಂಧತೆ ಅಪರೂಪವಲ್ಲ. ಆದ್ದರಿಂದ ಕಾರ್ಡುಗಳಿಗೆ ಬಣ್ಣದ ಜೊತೆ ವೃತ್ತ, ತ್ರಿಕೋನ, ಚೌಕದ ಆಕಾರವೂ ಇರಲಿ.

ಮಗುವಿನಿಂದ ಶಿಕ್ಷಕಿಯ ಕಡೆಗೆ ಹೋಗುವ ಸಂಕೇತ ನಮಗೆ ಹೊಸದೂ ಅಲ್ಲ. ಕಿರುಬೆರಳೆತ್ತಿ ‘ಮಿಸ್, ಒಂದಕ್ಕೆ’ ಎನ್ನುವುದು, ಎರಡು ಬೆರಳೆತ್ತಿ ‘ಎರಡಕ್ಕೆ’ ಎನ್ನುವುದು ತಲೆಮಾರುಗಳಿಂದ ನಡೆದು ಬಂದಿದೆ. ಬಾಯಿ ಬಿಟ್ಟು ಹೇಳಲು ನಾಚುವ ಮಗುವಿನ ಮರ್ಯಾದೆಯನ್ನು ಅದು ಕಾಯುತ್ತದೆ. ಶಿಕ್ಷಕಿ ಓದುತ್ತಿರುವ ಪಾಠ ನಿಲ್ಲಿಸದೆ ತಲೆಯಾಡಿಸಿ ಕಳಿಸಬಹುದು. ಇದೇ ಬೆರಳ ಭಾಷೆಗೆ ‘ಉತ್ತರ ಗೊತ್ತು’, ‘ಇನ್ನೊಮ್ಮೆ ಹೇಳಿ’, ‘ಯೋಚಿಸ್ತಿದೀನಿ’ ಎಂಬ ಮೂರು ಸನ್ನೆ ಸೇರಿಸಿದರೆ ತರಗತಿಯ ಮುಖವೇ ಬದಲಾಗುತ್ತದೆ.

ಕೊನೆಯದು ವಿಶೇಷವಾಗಿ ಬೇಕು. ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳು ಬಾಯಿ ತೆರೆದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಮನೆಯ ಭಾಷೆಯಲ್ಲಿ ಯೋಚಿಸಿ ಕನ್ನಡಕ್ಕೆ ತಂದುಕೊಳ್ಳಬೇಕಾದ ಮಗುವಿಗೆ ಈ ಮೂರು ಸೆಕೆಂಡು ಇನ್ನೂ ದೊಡ್ಡ ವರ. ಹಣೆಗೆ ಬೆರಳಿಟ್ಟ ಸನ್ನೆ ಆ ಸಮಯವನ್ನು ಕಾಯ್ದಿಡುತ್ತದೆ.

ನಲಿ-ಕಲಿ: ಮಗುವೇ ಓದುವ ಸಂಕೇತ

ಇಡೀ ಶಾಲೆಯನ್ನು ಸಂಕೇತಗಳಿಂದ ನಡೆಸುವ ಯತ್ನ ಹಳೆಯದು. 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್, ಇಲ್ಲಿನ ಹಳ್ಳಿಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಬಲ್ಲ ಮಗುವಿನಿಂದ ಬಾರದ ಮಗುವಿಗೆ ಕಲಿಸುವ ಪದ್ಧತಿಯನ್ನು ಕಟ್ಟಿದರು. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಅಂಥದ್ದೇ ಪದ್ಧತಿಯಲ್ಲಿ ನೂರಾರು ಮಕ್ಕಳ ಒಂದೇ ದೊಡ್ಡ ಹಜಾರ ನಡೆಸಿದರು. ಆ ಬಗೆಯ ಶಾಲೆಗಳ ಮುಂಭಾಗದಲ್ಲಿ ‘ಟೆಲಿಗ್ರಾಫ್’ ಎಂಬ ಚೌಕಟ್ಟು ಇರುತ್ತಿತ್ತು. ಗಂಟೆ ಬಾರಿಸಿ ಅದರಲ್ಲಿ ಒಂದು ಅಕ್ಷರ ತಿರುಗಿಸಿದರೆ ಎಲ್ಲರೂ ಮುಂದೆ ನೋಡಬೇಕು, ಇನ್ನೊಂದು ಅಕ್ಷರಕ್ಕೆ ಎಲ್ಲರೂ ಸ್ಲೇಟು ತೋರಿಸಬೇಕು. ಸದ್ದಿಲ್ಲದೆ ಕೆಲಸ ನಡೆಯುತ್ತಿತ್ತು. ಆದರೆ ಎಲ್ಲ ಮಕ್ಕಳೂ ಒಂದೇ ಕ್ಷಣಕ್ಕೆ ಒಂದೇ ಕೆಲಸ ಮಾಡಬೇಕಿತ್ತು.

ಕರ್ನಾಟಕ ಇದಕ್ಕಿಂತ ದೂರ ಹೋಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ ಬಂದರು. ಅಲ್ಲಿ ಪದ್ಮನಾಭ ರಾವ್ ಮತ್ತು ಎ. ರಮಾ ಅವರು ಹಳ್ಳಿಮಕ್ಕಳಿಗಾಗಿ ರೂಪಿಸಿದ್ದ ಕಾರ್ಡುಗಳ ಪದ್ಧತಿಯನ್ನು ಕಂಡು, ಯುನಿಸೆಫ್ ನೆರವಿನಿಂದ ನಮ್ಮ ಮಣ್ಣಿಗೆ ಹೊಂದುವ ‘ನಲಿ-ಕಲಿ’ಯನ್ನು ಕಟ್ಟಿದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗೆ, ಮರುವರ್ಷ 3ನೇ ತರಗತಿಗೆ ವಿಸ್ತರಿಸಿತು.

ನಲಿ-ಕಲಿ ಕೋಣೆಯನ್ನು ಹತ್ತಿರದಿಂದ ನೋಡಿದರೆ ಗೋಡೆ, ನೆಲ, ಸೂರು ಎಲ್ಲವೂ ಮಾತಾಡುತ್ತಿರುತ್ತವೆ. ಗೋಡೆಯ ಮೇಲೆ ಕಲಿಕಾ ಏಣಿ. ಅದರ ಒಂದೊಂದು ಮೆಟ್ಟಿಲಿಗೂ ಒಂದೊಂದು ಚಿತ್ರ, ಶಿಕ್ಷಕರ ಮಾತಿನಲ್ಲಿ ‘ಲೋಗೋ’. ಅದೇ ಲೋಗೋ ಕಾರ್ಡಿನ ಮೇಲೂ ಇರುತ್ತದೆ. ಮಕ್ಕಳು ಐದು ಗುಂಪುಗಳಾಗಿ ನೆಲದ ಮೇಲೆ ಸುತ್ತ ಕೂರುತ್ತಾರೆ, ನಡುವೆ ಗುಂಪಿನ ತಟ್ಟೆ. ಒಂದನೆಯ ತಟ್ಟೆಯವರಿಗೆ ಶಿಕ್ಷಕಿಯ ಪೂರ್ಣ ಬೆಂಬಲ, ಎರಡನೆಯವರಿಗೆ ಭಾಗಶಃ, ಮೂರು ಮತ್ತು ನಾಲ್ಕನೆಯವರಿಗೆ ಸಹಪಾಠಿಗಳ ಬೆಂಬಲ, ಐದನೆಯವರದು ಸ್ವಕಲಿಕೆ. ಒಂದು ಕಾರ್ಡು ಮುಗಿಸಿದ ಹುಡುಗಿ ಎದ್ದು ಏಣಿಯ ಹತ್ತಿರ ಹೋಗುತ್ತಾಳೆ, ತನ್ನ ಮೆಟ್ಟಿಲಿನ ಮೇಲಿನ ಚಿತ್ರವನ್ನು ಬೆರಳಿಟ್ಟು ನೋಡುತ್ತಾಳೆ, ಅದೇ ಚಿತ್ರದ ಕಾರ್ಡನ್ನು ಹುಡುಕಿ ತೆಗೆದುಕೊಂಡು, ಅದು ಯಾವ ತಟ್ಟೆಗೆ ಸೇರಿದ್ದೋ ಅಲ್ಲಿ ಹೋಗಿ ಕೂರುತ್ತಾಳೆ. ಬರೆದ ಚಿತ್ರವನ್ನು ತಲೆಯ ಮೇಲಿನ ದಾರಗಳ ಚಪ್ಪರಕ್ಕೆ ಸಿಕ್ಕಿಸುತ್ತಾಳೆ. ಇಷ್ಟರಲ್ಲಿ ಶಿಕ್ಷಕಿ ಒಂದು ಮಾತೂ ಆಡಿರುವುದಿಲ್ಲ; ಅವರು ಮೊದಲನೆಯ ತಟ್ಟೆಯ ಮಕ್ಕಳೊಂದಿಗೆ ಇರುತ್ತಾರೆ, ಅವರು ಬೇಕಾಗಿರುವುದೂ ಅಲ್ಲಿಯೇ.

ಇಲ್ಲಿ ನಡೆದಿರುವುದನ್ನು ಮಿದುಳಿನ ಕಡೆಯಿಂದ ನೋಡಬೇಕು. ‘ಪುಸ್ತಕ ಮುಚ್ಚಿ, ಬ್ಯಾಗಿಗೆ ಹಾಕಿ, ಸ್ಲೇಟು ತೆಗೆದು, ಗುಂಪು ಮಾಡಿ, ನಿನ್ನೆ ಬಿಟ್ಟಲ್ಲಿಂದ ಶುರು ಮಾಡಿ’ ಎಂಬ ಸೂಚನೆಯನ್ನು ಮನಸ್ಸಿನಲ್ಲಿ ಹಿಡಿದಿಟ್ಟು ನಡೆಸುವುದಕ್ಕೆ ಬೇಕಾದ ಕಾರ್ಯಸ್ಮೃತಿ ದೊಡ್ಡವರಿಗೇ ನಾಲ್ಕಾರು ಅಂಶಗಳಿಗೆ ಸೀಮಿತ; ಪುಟ್ಟ ಮಕ್ಕಳಿಗೆ ಇನ್ನೂ ಕಡಿಮೆ. ಅರ್ಧ ದಾರಿಯಲ್ಲಿ ಮರೆತು ನಿಂತ ಮಗುವನ್ನು ನಾವು ‘ಹೇಳಿದ ಮಾತು ಕೇಳಲ್ಲ’ ಎನ್ನುತ್ತೇವೆ. ಏಣಿ, ಲೋಗೋ, ತಟ್ಟೆಗಳು ಆ ಹೊರೆಯನ್ನು ಗೋಡೆಗೂ ನೆಲಕ್ಕೂ ಇಳಿಸುತ್ತವೆ. ಮಾತು ಆಡಿದ ಕ್ಷಣ ಮಾಯವಾಗುತ್ತದೆ. ಚಿತ್ರ ಅಲ್ಲೇ ಇರುತ್ತದೆ, ಮರೆತರೆ ಮತ್ತೆ ನೋಡಬಹುದು. ಬಿಹಾರದಿಂದ ಬಂದ ಮಗುವಿಗೂ ಬೊಮ್ಮಸಂದ್ರದಲ್ಲೇ ಹುಟ್ಟಿದ ಮಗುವಿಗೂ ಆನೆಯ ಚಿತ್ರ ಆನೆಯೇ.

ಲ್ಯಾಂಕಾಸ್ಟರನ ಟೆಲಿಗ್ರಾಫಿಗೂ ನಲಿ-ಕಲಿಯ ಲೋಗೋಗೂ ಇರುವ ವ್ಯತ್ಯಾಸವನ್ನು ಸಂಕೇತ ಬಳಸುವ ಪ್ರತಿ ಶಿಕ್ಷಕರೂ ಮನಸ್ಸಿನಲ್ಲಿಡಬೇಕು. ಮೊದಲನೆಯದು ಎಲ್ಲರಿಗೂ ಆಜ್ಞೆ ಕೊಡುತ್ತದೆ. ಎರಡನೆಯದು ಮುಂದೇನು ಎಂಬ ಮಗುವಿನ ಪ್ರಶ್ನೆಗೆ ಉತ್ತರ ಕೊಡುತ್ತದೆ. ತರಗತಿಗೆ ಎರಡೂ ಬೇಕು, ಆದರೆ ವರ್ಷ ಕಳೆದಂತೆ ಎರಡನೆಯದರ ಪಾಲು ಹೆಚ್ಚಬೇಕು.

ಜೂನ್ ತಿಂಗಳ ಪಾಠ

ಸಂಕೇತವನ್ನು ಪ್ರಕಟಿಸಿದರೆ ಸಾಲದು, ಅಕ್ಷರ ಕಲಿಸಿದಂತೆ ಕಲಿಸಬೇಕು. ಶಾಲೆ ತೆರೆದ ಮೊದಲ ಎರಡು ವಾರ ಅದಕ್ಕೆಂದೇ ಇರಲಿ. ಗಂಟೆ ತಟ್ಟಿ ತೋರಿಸಿ, ಒಬ್ಬರಿಂದ ಮಾಡಿಸಿ, ಎಲ್ಲರಿಂದ ಮಾಡಿಸಿ, ಗದ್ದಲ ಬೇಕೆಂದೇ ಎಬ್ಬಿಸಿ ಮತ್ತೆ ಮಾಡಿಸಿ. ಒಮ್ಮೆಗೆ ಒಂದೇ ಸಂಕೇತ. ಅದು ರೂಢಿಯಾದ ಮೇಲೆ ಮತ್ತೊಂದು.

ಇದಕ್ಕೆ ನಮ್ಮ ಅಂಗಳದಲ್ಲೇ ಒಳ್ಳೆಯ ಸಾಧನವಿದೆ: ಕೆರೆ–ದಡ ಆಟ. ನೆಲದ ಮೇಲೆ ಗೆರೆ, ಒಂದು ಬದಿ ಕೆರೆ, ಇನ್ನೊಂದು ಬದಿ ದಡ. ‘ಕೆರೆ’ ಎಂದರೆ ಒಳಗೆ ಜಿಗಿ, ‘ದಡ’ ಎಂದರೆ ಹೊರಗೆ. ‘ದಡ, ಕೆರೆ, ದಡ, ಕೆರೆ, ಕೆರೆ!’ ಎಂದಾಗ ಲಯಕ್ಕೆ ಸಿಕ್ಕಿದ ಕಾಲು ಜಿಗಿಯಲು ಹೊರಟಿರುತ್ತದೆ, ಅದನ್ನು ತಡೆಯಬೇಕು. ಪೋಸ್ನರ್ ಹೇಳಿದ ಮೂರನೆಯ ಜಾಲಕ್ಕೆ ಇದು ನೇರ ವ್ಯಾಯಾಮ. ಅಮೆರಿಕದ ಮೆಗನ್ ಮೆಕ್ಲೆಲಂಡ್ ಮತ್ತು ಸಂಗಡಿಗರು ‘ತಲೆ ಮುಟ್ಟು ಎಂದರೆ ಕಾಲ್ಬೆರಳು ಮುಟ್ಟು’ ಎಂಬ ಇಂಥದ್ದೇ ಆಟವನ್ನು ಮಕ್ಕಳ ಆತ್ಮನಿಯಂತ್ರಣ ಅಳೆಯಲು ಬಳಸಿದ್ದಾರೆ. ಅದರಲ್ಲಿ ಚೆನ್ನಾಗಿ ಆಡುವ ಮಕ್ಕಳು ಓದು, ಲೆಕ್ಕಗಳಲ್ಲೂ ಮುಂದಿರುವುದು ಕಂಡಿದೆ. ಕೆರೆ–ದಡವನ್ನು ಬಾಯಿಮಾತಿನ ಬದಲು ಗಂಟೆಗೂ ಕೈಸನ್ನೆಗೂ ಆಡಿಸಿದರೆ ಸಂಕೇತ ಕಲಿಕೆ ಮತ್ತು ಮನಸ್ಸಿನ ಹಿಡಿತ ಎರಡೂ ಒಟ್ಟಿಗೆ ಸಾಗುತ್ತವೆ.

ಸ್ಪಂದಿಸದ ಮಗುವಿನ ಬಗ್ಗೆ ಏನು ಮಾಡಬೇಕು? ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ದಾರಿ ತೋರುತ್ತದೆ. ತರಗತಿಗಳ ವಿಡಿಯೊ ದಾಖಲೆಗಳನ್ನು ಹೋಲಿಸಿ ಅವರು ಕಂಡದ್ದು, ಗಲಾಟೆಯಾದ ಮೇಲೆ ಶಿಕ್ಷಕರು ಹೇಗೆ ಗದರಿದರು ಎಂಬುದರಿಂದ ತರಗತಿಯ ಶಿಸ್ತಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗುವುದಿಲ್ಲ. ವ್ಯತ್ಯಾಸ ತರುವುದು ಗಲಾಟೆಗೆ ಮೊದಲಿನದು: ಇಡೀ ಕೋಣೆಯ ಮೇಲೆ ಕಣ್ಣಿರುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ದಾಟಿಸುವುದು. ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕೋಲು ಕಿತ್ತುಕೊಂಡರೆ ಶಿಕ್ಷಕರ ಕೈಯಲ್ಲಿ ಉಳಿಯುವುದೇನು ಎಂದು ಕೇಳುವವರಿಗೆ ಕೌನಿನ್ ಉತ್ತರ ಕೊಟ್ಟಿದ್ದಾರೆ. ಸಂಕೇತವನ್ನೇ ಬೆದರಿಕೆಯಾಗಿ ಬಳಸಿದರೆ, ಗಂಟೆಯ ನಂತರ ಬರುವುದು ಬೈಗುಳ ಎಂದಾದರೆ, ಮಕ್ಕಳು ಗಂಟೆಯಿಂದ ಕಲಿಯುವುದು ಭಯ ಮಾತ್ರ.

ಸಂಕೇತ ಚೆನ್ನಾಗಿ ನಾಟಿದೆಯೇ ಎಂದು ಅಳೆಯಲು ದಸರಾ ರಜೆಯ ಹೊತ್ತಿಗೆ ಒಂದು ಪರೀಕ್ಷೆ ಮಾಡಬಹುದು. ಜೂನಿನಲ್ಲಿ ದಿನಕ್ಕೆ ಎಷ್ಟು ಸಲ ಗಂಟೆ ಬೇಕಾಗುತ್ತಿತ್ತು, ಈಗ ಎಷ್ಟು? ಕಡಿಮೆಯಾಗಿದ್ದರೆ ಮಕ್ಕಳು ಕೆಲಸದ ಲಯವನ್ನು ತಮ್ಮದಾಗಿಸಿಕೊಂಡಿದ್ದಾರೆ. ಹೆಚ್ಚಾಗಿದ್ದರೆ ಗಂಟೆ ‘ಸೈಲೆನ್ಸ್’ ಆಗುವ ದಾರಿಯಲ್ಲಿದೆ.

ಸಂಕೇತದ ಎಲ್ಲೆ

ಸಂಕೇತ ಮಾಡಲಾಗದ ಕೆಲಸವೊಂದಿದೆ. ಅದು ದೈನಂದಿನ ವ್ಯವಹಾರವನ್ನು ಗದ್ದಲದಿಂದ ಪಾರು ಮಾಡುತ್ತದೆ, ಪಾಠವನ್ನಲ್ಲ. ಕಥೆ ಹೇಳಲು, ಪದದ ಉಚ್ಚಾರ ತಿದ್ದಲು, ಮಗುವಿನ ಅರೆಬರೆ ಉತ್ತರ ಕೇಳಿ ಬೆಳೆಸಲು ದನಿಯೇ ಬೇಕು, ದನಿಗೆ ನಿಶ್ಶಬ್ದ ಬೇಕು.

ನ್ಯೂಯಾರ್ಕಿನಲ್ಲಿ ಮೇಲ್ಸೇತುವೆಯ ರೈಲುಹಳಿಗೆ ಹತ್ತಿರವಿದ್ದ ಒಂದು ಪ್ರಾಥಮಿಕ ಶಾಲೆಯನ್ನು ಅರ್ಲೀನ್ ಬ್ರಾನ್ಜಾಫ್ಟ್ ಮತ್ತು ಡೆನಿಸ್ ಮೆಕಾರ್ಥಿ ಅಧ್ಯಯನ ಮಾಡಿ 1975ರಲ್ಲಿ ಪ್ರಕಟಿಸಿದರು. ಹಳಿಯ ಕಡೆಯ ಕೋಣೆಗಳ ಮಕ್ಕಳು ಆರನೆಯ ತರಗತಿಯ ಹೊತ್ತಿಗೆ, ಅದೇ ಶಾಲೆಯ ಇನ್ನೊಂದು ಬದಿಯ ಮಕ್ಕಳಿಗಿಂತ ಓದಿನಲ್ಲಿ ಒಂದು ವರ್ಷದಷ್ಟು ಹಿಂದಿದ್ದರು. ಹಳಿಗೆ ರಬ್ಬರಿನ ಮೆತ್ತೆ ಹಾಕಿ, ಕೋಣೆಗಳ ಚಾವಣಿಗೆ ಸದ್ದು ಹೀರುವ ಹಾಸು ಹೊದಿಸಿದ ಮೇಲೆ ಬ್ರಾನ್ಜಾಫ್ಟ್ ಮತ್ತೆ ಅಳೆದರು. 1981ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಬದಿಯ ಮಕ್ಕಳ ನಡುವೆ ಅಂತರ ಉಳಿದಿರಲಿಲ್ಲ. ಮಕ್ಕಳೂ ಶಿಕ್ಷಕರೂ ತಮ್ಮ ಪಾಲಿನದ್ದನ್ನು ಮಾಡುತ್ತಲೇ ಇದ್ದರು. ಬದಲಾದದ್ದು ಹಳಿ ಮತ್ತು ಚಾವಣಿ.

ನಮ್ಮಲ್ಲಿ ಶಬ್ದ ಮಾಲಿನ್ಯ ನಿಯಮ 2000ರಿಂದ ಜಾರಿಯಲ್ಲಿದೆ. ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಿದ್ದರೆ ಹಗಲು ಮಿತಿ 50 ಡೆಸಿಬಲ್; ಕೈಗಾರಿಕಾ ಪ್ರದೇಶಕ್ಕೆ 75. ಪೀಣ್ಯದಂಥ ಕಡೆ ಈ ಎರಡು ಅಂಕೆಗಳು ಒಂದೇ ಕಾಂಪೌಂಡ್ ಗೋಡೆಯ ಎರಡು ಬದಿಗೆ ಬಂದು ನಿಲ್ಲುತ್ತವೆ. ಬೆಂಗಳೂರಿನ ಸದ್ದನ್ನು ನಿರಂತರವಾಗಿ ಅಳೆಯುವ ಕೇಂದ್ರಗಳಲ್ಲಿ ಪೀಣ್ಯವೂ ವೈಟ್‌ಫೀಲ್ಡೂ ಸೇರಿವೆ. ಅಳತೆ ಇದೆ, ನಿಯಮ ಇದೆ, ಉಪಾಯಗಳೂ ಗೊತ್ತಿವೆ: ರಸ್ತೆಯ ಕಡೆ ಕಚೇರಿ, ಉಗ್ರಾಣಗಳನ್ನಿಟ್ಟು ಎಳೆಯ ತರಗತಿಗಳನ್ನು ಹಿಂಬದಿಗೆ ಸರಿಸುವುದು, ಶೀಟಿನ ಸೂರಿನಡಿ ಸದ್ದು ಹೀರುವ ಹಲಗೆ ಕಟ್ಟುವುದು, ಶಾಲೆಯ ಹೊತ್ತಿನಲ್ಲಿ ಪಕ್ಕದ ಕಾಮಗಾರಿಯ ಅತಿ ಸದ್ದಿನ ಕೆಲಸ ನಿಲ್ಲಿಸುವುದು. ತರಗತಿಯೊಳಗಿನ ಗದ್ದಲಕ್ಕೆ ಶಿಕ್ಷಕಿ ಉತ್ತರ ಕಂಡುಕೊಳ್ಳಬಲ್ಲರು, ಅವರಿಗೆ ಅದಕ್ಕೆ ಬೇಕಾದ ವಿಜ್ಞಾನವೂ ನಲಿ-ಕಲಿಯ ಅನುಭವವೂ ಇದೆ. ಕಾಂಪೌಂಡಿನಾಚೆಯ ಗದ್ದಲಕ್ಕೆ ಉತ್ತರ ಕೊಡಬೇಕಾದವರು ಆ ಕಾರ್ಖಾನೆ, ರಸ್ತೆ, ಕಟ್ಟಡಗಳಿಗೆ ಅನುಮತಿ ಕೊಟ್ಟವರು ಮತ್ತು ಅವುಗಳಿಂದ ಬದುಕು ಕಟ್ಟಿಕೊಂಡ ನಾವೆಲ್ಲರೂ.